ಓಷಧಿಗಳ ಸುಗಂಧತೈಲವೂ ದೇಶಕಾಲಗಳೂ

‘ಓಷಧಿ’ ಎಂದರೆ ಫಲವು ಪಕ್ವವಾದೊಡನೆ ಬಾಳು ಮುಗಿಸುವ ಸಸ್ಯವೆಂದು ಅಮರಕೋಶವು ಅರ್ಥ ಹೇಳುತ್ತದೆ. ಓಷಧಿಯಿಂದಾದುದು ಔಷಧ. ಎರಡನ್ನೂ ಕಲಸಿ ‘ಔಷಧಿ’ ಎಂದು ಬರೆಯುವ ರೂಢಿ ಈಗ ಬಲಿತಿದೆ. ಅದರಿಂದ ಮೂಲಶಬ್ದದ ಒಡಲಲ್ಲಿರುವ ಕಾಲಸೂಚನೆಯೇ ಮರೆಯಾಗಿದೆ.

ಪ್ರಾಚೀನ ವೈದ್ಯರು ಅದನ್ನು ಮರೆತವರಲ್ಲ. ಎಳೆಯ ಕೊಂಬೆ ಎಲೆಗಳನ್ನು ವರ್ಷ ವಸಂತಗಳಲ್ಲಿಯೂ, ಬೇರನ್ನು ಗ್ರೀಷ್ಮ ಅಥವಾ ಶಿಶಿರದಲ್ಲಿಯೂ, ತೊಗಟೆ, ಗೆಡ್ಡೆ, ಹಾಲುಗಳನ್ನು ಶರತ್ತಿನಲ್ಲಿಯೂ, ಚೇಗನ್ನು ಹೇಮಂತದಲ್ಲಿಯೂ ಸಂಗ್ರಹಿಸಬೇಕೆಂದು ಚರಕಸಂಹಿತೆಯ ಕಲ್ಪಸ್ಥಾನವು ವಿಧಿಸುತ್ತದೆ. ಸುಶ್ರುತನ ಮತ ಬೇರೆ. ಅಂಗಕ್ಕೊಂದು ಋತುವೆಂಬ ಇಂತಹದೇ ಪಟ್ಟಿಯೊಂದನ್ನು ಕೆಲವರ ಅಭಿಪ್ರಾಯವೆಂದು ಹೇಳಿ, ಅದನ್ನು ಒಪ್ಪದೆ, ಸೌಮ್ಯದ್ರವ್ಯಗಳನ್ನು ಸೌಮ್ಯ ಋತುಗಳಲ್ಲಿಯೂ ಆಗ್ನೇಯದ್ರವ್ಯಗಳನ್ನು ಆಗ್ನೇಯ ಋತುಗಳಲ್ಲಿಯೂ ತರಬೇಕೆನ್ನುತ್ತಾನೆ. ಹಿಂದಿನವರು ಒಂದೇ ದನಿಯಲ್ಲಿ ಮಾತಾಡಿದರೆಂದು ತಿಳಿಯುವವರು ಈ ವಾದವನ್ನು ಗಮನಿಸತಕ್ಕದ್ದು. ಕಾಲವು ಗುಣವನ್ನು ಮಾರ್ಪಡಿಸುತ್ತದೆ ಎಂಬಲ್ಲಿ ಮಾತ್ರ ಇಬ್ಬರಿಗೂ ಭೇದವಿಲ್ಲ.

ಈ ಗುಣಭೇದವು ಎದ್ದು ಕಾಣುವುದು ಸುಗಂಧತೈಲದಲ್ಲಿ. ಎಳ್ಳೆಣ್ಣೆಯ ಹನಿ ಕಾಗದದ ಮೇಲೆ ಕಲೆಯಾಗಿ ನಿಲ್ಲುತ್ತದೆ. ಸುಗಂಧತೈಲವು ಗಾಳಿಗೆ ಹಾರಿಹೋಗುತ್ತದೆ. ತುಳಸಿಯ ಎಲೆಯ ಮೇಲಿನ ಅತಿಸೂಕ್ಷ್ಮ ಗ್ರಂಥಿಗಳಲ್ಲಿರುವುದು ಇದೇ. ಹಬೆ ಹಾಯಿಸಿ ಭಟ್ಟಿಯಿಳಿಸಿ ಇದನ್ನು ಪಡೆಯುತ್ತಾರೆ. ಇದು ಏಕವಸ್ತುವಲ್ಲ, ಹತ್ತಾರು ದ್ರವ್ಯಗಳ ಮಿಶ್ರಣ. ಗಿಡದ ಪ್ರಾಯ, ಬಿಸಿಲು, ಮಳೆಗಳಿಗೆ ತಕ್ಕಂತೆ ತೈಲದ ಪ್ರಮಾಣವೂ, ಅದರೊಳಗಿನ ದ್ರವ್ಯಗಳ ಪಾಲೂ ಏರುಪೇರಾಗುತ್ತವೆ.

ದವನವನ್ನೇ ನೋಡಬಹುದು. ಕನ್ನಡನಾಡಿನ ಹೊಲಗಳಲ್ಲಿ ಇದನ್ನು ನವೆಂಬರಿನ ಸುಮಾರಿಗೆ ನೆಟ್ಟು, ಫೆಬ್ರವರಿ ಮಾರ್ಚ್ ವೇಳೆಗೆ ಹೂವಿರುವಾಗ ಕೊಯ್ಯುತ್ತಾರೆ. ಚೈತ್ರದಲ್ಲಿ ದೇವರಿಗೆ ದವನವೇರಿಸುವ ಪದ್ಧತಿ ಈ ಬೆಳೆಯ ಕಾಲಕ್ಕೆ ಹೊಂದಿಕೊಂಡೇ ಬಂದಿದೆ. ಬೆಂಗಳೂರಿನ ವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ, ಮೊಗ್ಗು ಮೂಡಿದಂದಿನಿಂದ ಬೀಜ ಕಟ್ಟಲು ತೊಡಗುವವರೆಗೆ ಇದರ ತೈಲದಲ್ಲಿ ದವನೋನ್, ಲಿನಲೂಲ್ ಎಂಬ ದ್ರವ್ಯಗಳು ಇಳಿಯುತ್ತ, ಬೇರೆ ಹಲವು ಏರುತ್ತವೆ. ಹೊಲ ಒಂದೇ, ಗಿಡ ಒಂದೇ. ಕೆಲವೇ ವಾರಗಳಲ್ಲಿ ಪರಿಮಳ ಬೇರೆ.

ಶ್ರೀಗಂಧದಲ್ಲಿಯಾದರೋ ಋತುವಿಗಿಂತ ವಯಸ್ಸೇ ಪ್ರಧಾನ. ತೈಲವಿರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿಯ ಮರದಲ್ಲಿ ಪರಿಮಳವಿಲ್ಲ. ಚೇಗು ಬಲಿಯಲು ವರ್ಷಗಳೇ ಬೇಕು.

ದೇಶದ ಮಾತು ಇನ್ನೂ ಗಹನವಾದುದು. ಅದಕ್ಕೆ ಬಜೆಗಿಂತ ತಕ್ಕ ನಿದರ್ಶನವಿಲ್ಲ. ಸಂಸ್ಕೃತದ ‘ವಚಾ’ ಕನ್ನಡದಲ್ಲಿ ‘ಬಜೆ’ಯಾಗಿದೆ, ಮಾತಿಗೂ ಈ ಹೆಸರಿಗೂ ನಂಟುಂಟು. ಮಗುವಿಗೆ ನುಡಿ ಚೆನ್ನಾಗಿ ಬರಲೆಂದು ಬಜೆಯನ್ನು ತೇದು ನೆಕ್ಕಿಸುವ ವಾಡಿಕೆ ನಮ್ಮ ಮನೆಗಳಲ್ಲಿ ಬಹು ಹಳೆಯದು. ನೀರಿನಾಸರೆಯಲ್ಲಿ ಬೆಳೆಯುವ ಈ ಸಸ್ಯವು ಭಾರತ, ಯುರೋಪು, ಅಮೆರಿಕಗಳಲ್ಲೆಲ್ಲ ಉಂಟು. ನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಕಣದೊಳಗಿನ ವರ್ಣತಂತುಗಳನ್ನು ಎಣಿಸಿದರೆ 24, 36, 48 ಎಂದು ಮೂರು ಕುಲಗಳು ಕಾಣುತ್ತವೆ. ಉತ್ತರ ಅಮೆರಿಕದ 24ರ ಕುಲದ ತೈಲದಲ್ಲಿ ಬೀಟಾ-ಅಸರೋನ್ ಎಂಬ ದ್ರವ್ಯವಿಲ್ಲ. ಯುರೋಪಿನ 36ರ ಕುಲದಲ್ಲಿ ಅಲ್ಪ. ಏಷ್ಯದ 48ರ ಕುಲದಲ್ಲಿ ಅತ್ಯಧಿಕ. ಜಮ್ಮುವಿನ ಬಜೆಯ ತೈಲದಲ್ಲಿ ಸುಮಾರು ಮುಕ್ಕಾಲು ಪಾಲು ಅದೇ. ಆ ತೈಲವನ್ನು ದೀರ್ಘಕಾಲ ತಿನ್ನಿಸಿದ ಇಲಿಗಳ ಕರುಳಿನಲ್ಲಿ ಗಡ್ಡೆಗಳು ಕಂಡುಬಂದ ಮೇಲೆ, 1968ರಲ್ಲಿ ಅಮೆರಿಕವು ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು.

ಇಲಿಗೆ ದಿನವೂ ಉಣಿಸಿದ ತೈಲವೂ ಕಲ್ಲಿನ ಮೇಲೆ ತೇದ ಒಂದೆರಡು ಸುತ್ತಿನ ಗಂಧವೂ ಸಮವಲ್ಲ, ನಿಜ. ನಮ್ಮ ವೈದ್ಯಗ್ರಂಥಗಳು ಬಜೆಗೆ ಶೋಧನವಿಧಿಯನ್ನು ಹೇಳಿರುವುದೂ ನಿಜ. ಆದರೂ ಯುರೋಪಿನ ಬಜೆಯನ್ನು ಕುರಿತ ಪ್ರಶಂಸೆಯನ್ನೋದಿ ನಮ್ಮ ಬಜೆಯನ್ನು ನಿರಪಾಯವೆನ್ನುವುದು ಹೆಸರನ್ನು ನಂಬಿ ಕುಲವನ್ನು ಕೇಳದ ನಡೆ. ಎಳೆಗೂಸಿನ ಬಾಯಿಗೆ ಅದನ್ನಿಡುವ ಮುನ್ನ ವೈದ್ಯರನ್ನು ಕೇಳುವುದೇ ಲೇಸು.

ಇಲ್ಲಿ ‘ದೇಶ’ವೆಂದರೆ ಮಣ್ಣು ನೀರುಗಳಷ್ಟೇ ಅಲ್ಲವೆಂಬುದೂ ಸ್ಪಷ್ಟ. ಬಜೆಯನ್ನು ಗೆಡ್ಡೆಯ ತುಂಡಿನಿಂದಲೇ ಬೆಳೆಸುತ್ತಾರೆ. 36ರ ಕುಲವಂತೂ ಬೀಜವನ್ನೇ ಕಟ್ಟುವುದಿಲ್ಲ. ತುಂಡು ಎಲ್ಲಿಗೆ ಹೋದರೂ ತಾಯಗಿಡದ ಸ್ವಭಾವವನ್ನು ಹೊತ್ತೇ ಹೋಗುತ್ತದೆ. ತುಳಸಿಯಲ್ಲಿಯೂ ಹೀಗೆಯೇ: ಒಂದೇ ಪಾತಿಯಲ್ಲಿ ಬೆಳೆದರೂ ಒಂದು ತಳಿಯ ತೈಲದಲ್ಲಿ ಲವಂಗದ ಯೂಜಿನಾಲ್ ಪ್ರಧಾನವಾದರೆ, ಇನ್ನೊಂದರಲ್ಲಿ ಮೀಥೈಲ್ ಯೂಜಿನಾಲ್ ಮುಂದಾಗಿರುತ್ತದೆ.

ಇಂದು ಅನೇಕ ಮಠಗಳ, ಶಾಲೆಗಳ ಆವರಣದಲ್ಲಿ ದಾನಿಗಳ ನೆರವಿನಿಂದ ಔಷಧವನಗಳು ಎದ್ದಿವೆ. ಪ್ರತಿ ಗಿಡದ ಮುಂದೆ ಹೆಸರಿನ ಫಲಕವುಂಟು, ದಾನಿಯ ಹೆಸರೂ ಉಂಟು. ಸಸಿ ಎಲ್ಲಿಂದ ಬಂತು, ಯಾವ ತಳಿಯದು, ಯಾವ ತಿಂಗಳಲ್ಲಿ ಕೊಯ್ಯಬೇಕು ಎಂಬ ಮೂರು ಸಾಲುಗಳಿಗೂ ಆ ಫಲಕದಲ್ಲಿ ಸ್ಥಳವಿದೆ.