ಹಳೆಯ ಲ್ಯಾಪ್‌ಟಾಪೋ, ಹೊಸದೋ?

ಮಗನೋ ಮಗಳೋ ಕಾಲೇಜಿಗೆ ಸೇರಿದ ವರ್ಷ ರೈತರ ಮನೆಗೆ ಶುಲ್ಕ ಮತ್ತು ಹಾಸ್ಟೆಲಿನ ಖರ್ಚಿನ ಜೊತೆಗೆ ಈಗ ಇನ್ನೊಂದು ಖರ್ಚು ಸೇರಿಕೊಂಡಿದೆ. ಅದು ಲ್ಯಾಪ್‌ಟಾಪಿನದು. ಈ ಖರ್ಚು ಎದುರಾಗುವುದು ಸಾಧಾರಣವಾಗಿ ಮುಂಗಾರಿನ ತಿಂಗಳುಗಳಲ್ಲಿ. ಬೀಜ, ಗೊಬ್ಬರ, ಕೂಲಿಗಳಿಗೆ ಕೈಯಲ್ಲಿದ್ದ ಹಣವೆಲ್ಲ ಹೋಗಿ ಬೆಳೆ ಇನ್ನೂ ಹೊಲದಲ್ಲಿರುವ ಕಾಲದಲ್ಲಿ. ಆಗ ಸಾಲ ಮಾಡಿ ಹೊಸದನ್ನು ಕೊಳ್ಳಬೇಕೋ ಅಥವಾ ಅರ್ಧ ಬೆಲೆಗೆ ಸಿಗುವ ಹಳೆಯದೇ ಸಾಕೋ ಎಂಬ ಪ್ರಶ್ನೆ ಹುಟ್ಟುತ್ತದೆ. ಇದು ಬೇಸಾಯಶಾಸ್ತ್ರದವರನ್ನು ಕೇಳುವ ಪ್ರಶ್ನೆಯಲ್ಲ. ಆದರೂ ತರಬೇತಿಗೆ ಬಂದ ರೈತರು ಬೆಳೆಯ ಮಾತು ಮುಗಿದ ಮೇಲೆ ಇದನ್ನು ಕೇಳುತ್ತಾರೆ. ಎತ್ತು, ಪಂಪ್‌ಸೆಟ್, ಟ್ರ್ಯಾಕ್ಟರ್ ಇವುಗಳಲ್ಲಿ ಹಳೆಯದನ್ನು ಪರೀಕ್ಷಿಸಿ ಕೊಳ್ಳುವ ಅಭ್ಯಾಸ ರೈತರಿಗೆ ಚೆನ್ನಾಗಿಯೇ ಇದೆ. ಲ್ಯಾಪ್‌ಟಾಪಿನಲ್ಲಿ ಎಲ್ಲಿ ನೋಡಬೇಕು ಎಂಬುದು ತಿಳಿದರೆ ಆ ಅಭ್ಯಾಸವೇ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಪಹಣಿ ನೋಡುವುದು, ಮಾರುಕಟ್ಟೆ ಧಾರಣೆ ತಿಳಿಯುವುದು, ಬ್ಯಾಂಕಿನ ವ್ಯವಹಾರ ಇಷ್ಟೇ ಆದರೆ ಕೈಯಲ್ಲಿರುವ ಫೋನೇ ಸಾಕು, ಲ್ಯಾಪ್‌ಟಾಪೇ ಬೇಡ. ದೊಡ್ಡ ಪರದೆ ಮತ್ತು ಕೀಲಿಮಣೆ ಬೇಕಾಗುವುದು ಉದ್ದದ ವರದಿ ಬರೆಯಲು, ಲೆಕ್ಕಪತ್ರದ ಹಾಳೆಗಳನ್ನು ಇಡಲು, ಪಾಠ ಕೇಳುತ್ತ ಟಿಪ್ಪಣಿ ಮಾಡಿಕೊಳ್ಳಲು. ಕೃಷಿ ಪದವಿ, ವಾಣಿಜ್ಯ, ಕಲಾ ವಿಭಾಗ, ಶಿಕ್ಷಕರ ತರಬೇತಿ ಇವುಗಳ ವಿದ್ಯಾರ್ಥಿಗಳಿಗೂ, ಹಾಲಿನ ಸಂಘದ ಅಥವಾ ರೈತ ಉತ್ಪಾದಕ ಕಂಪನಿಯ ಲೆಕ್ಕ ನೋಡುವವರಿಗೂ ಬೇಕಾದದ್ದು ಬಹುಮಟ್ಟಿಗೆ ಇಷ್ಟೇ. ಮುಂದೆ ಹೇಳುವುದು ಮುಖ್ಯವಾಗಿ ಇಂಥವರನ್ನು ಕುರಿತು.

ಹೊಸದೆಂದ ಮಾತ್ರಕ್ಕೆ ಒಳ್ಳೆಯದಲ್ಲ

ಒಂದೇ ಮೊತ್ತದ ಹಣಕ್ಕೆ ಎರಡು ಬಗೆಯ ಯಂತ್ರಗಳು ದೊರೆಯುತ್ತವೆ. ಒಂದು, ಪೆಟ್ಟಿಗೆ ಒಡೆಯದ ಅಗ್ಗದ ಹೊಸದು. ಇನ್ನೊಂದು, ಕಂಪನಿಗಳ ಕಚೇರಿಯಲ್ಲಿ ಮೂರು ನಾಲ್ಕು ವರ್ಷ ದುಡಿದು ಹೊರಬಂದ ಗಟ್ಟಿ ಜಾತಿಯ ಹಳೆಯದು. ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳನ್ನು ಅವಧಿ ಮುಗಿದೊಡನೆ ಒಟ್ಟಾಗಿ ವಿಲೇವಾರಿ ಮಾಡುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿಯೂ ಜಿಲ್ಲಾ ಕೇಂದ್ರಗಳ ಹಲವು ಅಂಗಡಿಗಳಲ್ಲಿಯೂ ಸಿಗುವುದು ಹೆಚ್ಚಾಗಿ ಇಂಥವೇ. ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೀಟ್‌ಬುಕ್ ಎಂಬ ಹೆಸರುಗಳು ಈ ವರ್ಗದವು.

ಇವೆರಡರ ಒಳಗಿರುವುದನ್ನು ಹೋಲಿಸಿ ನೋಡೋಣ. ಅಗ್ಗದ ಹೊಸ ಲ್ಯಾಪ್‌ಟಾಪುಗಳಲ್ಲಿ ಕಾಣುವ ಸೆಲೆರಾನ್ ಎನ್4500 ಎಂಬ ಪ್ರೊಸೆಸರ್ 2021ರದು. ಅದರಲ್ಲಿ ಎಣಿಕೆ ಮಾಡುವ ತಿರುಳುಗಳು, ಅಂದರೆ ಕೋರ್‌ಗಳು, ಎರಡು. 2017ರ ಐ5-8250ಯು ಎಂಬುದರಲ್ಲಿ ನಾಲ್ಕು ಕೋರ್‌ಗಳಿದ್ದು, ಅವು ಏಕಕಾಲಕ್ಕೆ ಎಂಟು ಕೆಲಸದ ಎಳೆಗಳನ್ನು ನಡೆಸಬಲ್ಲವು. ವಯಸ್ಸಿನಲ್ಲಿ ನಾಲ್ಕು ವರ್ಷ ಹಿರಿದಾದರೂ ನೊಗಕ್ಕೆ ಹೂಡಿದಾಗ ಗೆಲ್ಲುವುದು ಹಳೆಯದೇ. ಅಗ್ಗದ ಹೊಸದರಲ್ಲಿ ಅನೇಕ ವೇಳೆ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹ ಮಾತ್ರ ಇದ್ದು, ಅವನ್ನು ಹಲಗೆಗೇ ಬೆಸೆದಿರುತ್ತಾರೆ. ವಿಂಡೋಸ್ 11ಕ್ಕೆ ತಯಾರಕರು ಹೇಳುವ ಕನಿಷ್ಠ ಅಗತ್ಯವೂ ಇಷ್ಟೇ. ಕನಿಷ್ಠ ಅಗತ್ಯದಲ್ಲಿ ಯಂತ್ರ ನಡೆಯುವುದು, ಜೀವ ಹಿಡಿದುಕೊಳ್ಳುವಷ್ಟೇ ಮೇವು ತಿಂದ ಎತ್ತು ಉಳುಮೆ ಮಾಡಿದ ಹಾಗೆ. ಒಂದೆರಡು ವರ್ಷದಲ್ಲಿ ಜಾಗ ತುಂಬಿ, ಹೊಸ ಪರಿಷ್ಕರಣೆಗಳನ್ನು ಹಾಕಿಕೊಳ್ಳಲೂ ಸ್ಥಳವಿಲ್ಲದಂತಾಗುತ್ತದೆ. ಬೆಸೆದದ್ದಾದ್ದರಿಂದ ಹೆಚ್ಚಿಸಲೂ ಆಗದು. 2018ರ ಥಿಂಕ್‌ಪ್ಯಾಡ್ ಟಿ480 ಅಥವಾ ಎಲೀಟ್‌ಬುಕ್ 840 ಜಿ5 ಆದರೆ ಕೆಳಗಿನ ತಿರುಪುಗಳನ್ನು ಬಿಚ್ಚಿ ರ‍್ಯಾಮ್, ಸಂಗ್ರಹ, ಬ್ಯಾಟರಿ ಮೂರನ್ನೂ ಬದಲಾಯಿಸಬಹುದು. ಬಿಡಿಭಾಗ ಹಾಕಬಹುದಾದ ಯಂತ್ರಕ್ಕೆ ಆಯುಸ್ಸು ಹೆಚ್ಚೆಂಬುದನ್ನು ಡೀಸೆಲ್ ಪಂಪು ಇಟ್ಟುಕೊಂಡಿದ್ದವರಿಗೆ ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಅತಿ ಅಗ್ಗದ ಹೊಸ ಲ್ಯಾಪ್‌ಟಾಪ್ ಕೊಳ್ಳುವುದು ಎಲ್ಲಕ್ಕಿಂತ ನಷ್ಟದ ದಾರಿ. ಆಯ್ಕೆ ಇರಬೇಕಾದದ್ದು ಒಳ್ಳೆಯ ಹಳೆಯದಕ್ಕೂ ಸಾಧಾರಣ ಬೆಲೆಯ ಒಳ್ಳೆಯ ಹೊಸದಕ್ಕೂ ನಡುವೆ.

ವಯಸ್ಸನ್ನು ತಿಳಿಯುವ ಬಗೆ

ಜಾನುವಾರು ಜಾತ್ರೆಯಲ್ಲಿ ಮಾರುವವನ ಮಾತು ಕೇಳಿ ವಯಸ್ಸು ನಂಬುವವರಿಲ್ಲ. ಬಾಯಿ ತೆರೆದು ಹಲ್ಲು ಎಣಿಸುತ್ತೇವೆ. ಲ್ಯಾಪ್‌ಟಾಪಿನ ಹಲ್ಲು ಎಂದರೆ ಪ್ರೊಸೆಸರಿನ ಸಂಖ್ಯೆ. ಇಂಟೆಲ್ ಪ್ರೊಸೆಸರಿಗೆ ಐ3, ಐ5, ಐ7 ಎಂಬ ಹೆಸರಿನ ನಂತರ ಅಡ್ಡಗೆರೆ ಇದ್ದು ಅದರ ಮುಂದೆ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಮೊದಲ ಅಂಕಿಯೇ ಪೀಳಿಗೆ. ಐ5-8250ಯು ಎಂದರೆ 8ನೆಯ ಪೀಳಿಗೆ. ಮೊದಲ ಅಂಕಿ 1 ಆಗಿದ್ದರೆ ಮೊದಲೆರಡು ಅಂಕಿಗಳನ್ನು ಕೂಡಿಸಿ ಓದಬೇಕು: ಐ5-10210ಯು 10ನೆಯ ಪೀಳಿಗೆ, ಐ5-1135ಜಿ7 11ನೆಯ ಪೀಳಿಗೆ.

ಇಲ್ಲಿ 8 ಎಂಬುದು ಗಡಿಕಲ್ಲು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಅದರ ಮುಂದಿನದಾದ ವಿಂಡೋಸ್ 11, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನಲ್ಲಿ 8ನೆಯ ಪೀಳಿಗೆಯಿಂದ ಮೇಲಿನವುಗಳಿಗೆ ಮಾತ್ರ ಸಲ್ಲುತ್ತದೆ. ರೈಜೆನ್ ಪ್ರೊಸೆಸರ್ ಆದರೆ 3000ದ ಸಾಲಿನದು ಅಥವಾ ಅದಕ್ಕೂ ಮೇಲಿನದನ್ನು ಆರಿಸಿದರೆ ತೊಂದರೆ ಇಲ್ಲ. ಕಂಪನಿಗಳು 6 ಮತ್ತು 7ನೆಯ ಪೀಳಿಗೆಯ ಯಂತ್ರಗಳನ್ನು ಕೈಬಿಡಲು ಇದೂ ಒಂದು ಕಾರಣ. ಬೆಲೆ ಬಹಳ ಕಡಿಮೆ ಎಂದು ಯಾರಾದರೂ ತೋರಿಸಿದರೆ ಅದು ಈ ಗುಂಪಿನದೇ ಎಂದು ಮೊದಲು ಸಂಶಯ ಪಡಬೇಕು. ಇಂಥ ಯಂತ್ರಕ್ಕೂ ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಪರದೆಯ ಮೇಲೆ ಅದು ಕಾಣಿಸಿತೆಂದು ಒಪ್ಪದೆ ಸಂಖ್ಯೆಯನ್ನೇ ಓದಬೇಕು.

ಎತ್ತಿನ ಕಾಲು, ಗೊರಸು ನೋಡುವುದನ್ನು ಬಿಟ್ಟು ಸುಳಿ ನೋಡಿಕೊಂಡು ನಿಲ್ಲುವವರಿದ್ದಾರಲ್ಲವೆ? ಲ್ಯಾಪ್‌ಟಾಪಿನಲ್ಲಿ ಆ ಸುಳಿ ಎಂದರೆ ‘ಐ7’ ಎಂಬ ಚೀಟಿ. 2015ರ ಐ7-6600ಯು ಎಂಬುದರಲ್ಲಿ ಕೋರ್‌ಗಳು ಎರಡೇ. 2017ರ ಐ5-8250ಯುನಲ್ಲಿ ನಾಲ್ಕು. ಹೆಸರಿನಲ್ಲಿ ಏಳು ದೊಡ್ಡದು, ಕೆಲಸದಲ್ಲಿ ಐದು ದೊಡ್ಡದು.

6 ಮತ್ತು 7ನೆಯ ಪೀಳಿಗೆಯ ಯಂತ್ರ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಾಗಿಲ್ಲ. ಉಬುಂಟುವಿನಂಥ ಉಚಿತ ಲಿನಕ್ಸ್ ವ್ಯವಸ್ಥೆ ಹಾಕಿದರೆ ಅಂತರ್ಜಾಲ, ಬರಹ, ಲೆಕ್ಕ ಎಲ್ಲವೂ ನಡೆಯುತ್ತವೆ, ಕನ್ನಡವನ್ನೂ ಬೆರಳಚ್ಚು ಮಾಡಬಹುದು. ಆದರೆ ನುಡಿ ತಂತ್ರಾಂಶವೇ ಬೇಕೆನ್ನುವವರಿಗೆ ವಿಂಡೋಸ್ ಇದ್ದರೆ ಅನುಕೂಲ.

ಅಂಗಡಿಯಲ್ಲಿ ಪರೀಕ್ಷೆ

ಹಳೆಯದನ್ನು ಹಗಲಿನಲ್ಲಿ, ಬಿಡುವು ಮಾಡಿಕೊಂಡು ಹೋಗಿ ನೋಡಬೇಕು. ಬಸ್ಸಿನ ಹೊತ್ತಾಯಿತೆಂದು ಅವಸರ ಪಡತಕ್ಕದ್ದಲ್ಲ. ಕನಿಷ್ಠ ಅರ್ಧ ಗಂಟೆ ವಿದ್ಯುತ್ ಸಂಪರ್ಕ ತೆಗೆದು ಬರೀ ಬ್ಯಾಟರಿಯ ಮೇಲೆ ನಡೆಸಿ, ಶೇಕಡ ಎಷ್ಟು ಇಳಿಯುತ್ತದೆ ಎಂದು ಬರೆದುಕೊಳ್ಳಿ. ವಿಂಡೋಸ್‌ನಲ್ಲಿ ಬ್ಯಾಟರಿ ವರದಿ ತೆಗೆಯುವ ಒಂದು ಆಜ್ಞೆ ಇದೆ. ಅಂಗಡಿಯವರಿಗೆ ಗೊತ್ತಿರುತ್ತದೆ, ಕೇಳಿ ತೆಗೆಸಬೇಕು. ಅದರಲ್ಲಿ ‘ಡಿಸೈನ್ ಕೆಪಾಸಿಟಿ’ ಎಂದರೆ ಹುಟ್ಟಿದಾಗಿನ ಶಕ್ತಿ, ‘ಫುಲ್ ಚಾರ್ಜ್ ಕೆಪಾಸಿಟಿ’ ಎಂದರೆ ಈಗ ಉಳಿದಿರುವ ಶಕ್ತಿ. ಮೊದಲನೆಯದು 50,000 ಇದ್ದು ಎರಡನೆಯದು 25,000 ಇದ್ದರೆ ಅರ್ಧ ಸವೆದಿದೆ ಎಂದರ್ಥ. ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಶಿಯಲ್ಲಿ ಕಳೆಯಬೇಕು. ಹಳ್ಳಿಯಲ್ಲಿ ಬ್ಯಾಟರಿ ಬರೀ ಅನುಕೂಲದ ಮಾತಲ್ಲ, ಕರೆಂಟು ಹೋದಾಗ ಪರೀಕ್ಷೆಯ ಪಾಠ ನಿಲ್ಲದಿರಲು ಅದೇ ಆಧಾರ. ತಳಭಾಗ ಅಥವಾ ಬೆರಳಾಡಿಸುವ ಫಲಕ ಉಬ್ಬಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರುವ ಸಂಭವವಿದ್ದು, ಅದು ಬೆಂಕಿಯ ಅಪಾಯ. ಅಂಥದನ್ನು ಯಾವ ಬೆಲೆಗೂ ತರಬಾರದು.

ಸಂಗ್ರಹಕ್ಕೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಬೇಕು. ನಿಧಾನವೆಂದು ದೂರು ಬರುವ ಹಳೆಯ ಯಂತ್ರಗಳಲ್ಲಿ ಎಷ್ಟೋ ವೇಳೆ ತಪ್ಪಿತಸ್ಥ ಈ ಡಿಸ್ಕೇ. ಚಲಿಸುವ ಭಾಗ ಇಲ್ಲದ ಕಾರಣ ಎಸ್‌ಎಸ್‌ಡಿಗೆ ಬಸ್ಸಿನ ಕುಲುಕಾಟವೂ ಬಾಧಿಸದು. 256 ಜಿಬಿ ಎಸ್‌ಎಸ್‌ಡಿ ಮತ್ತು 8 ಜಿಬಿ ರ‍್ಯಾಮ್‌ಗಿಂತ ಕಡಿಮೆ ಒಪ್ಪಬೇಡಿ.

ಕೀಲಿಗಳನ್ನು ಒಂದೊಂದಾಗಿ ಒತ್ತಿ, ಕ್ಯಾಮೆರಾ, ಧ್ವನಿ, ವೈಫೈ, ಕೀಲುಗಳ ಬಿಗಿ ಇವುಗಳನ್ನೂ ನೋಡಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ತಿಳಿಯದೆ ಉಳಿಯುವುದು ಬೀಗದ ವಿಷಯ. ಕಂಪನಿಗಳು ತಮ್ಮ ಯಂತ್ರಗಳ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಎಚ್ಚರಗೊಳ್ಳುವ ಭಾಗಕ್ಕೆ, ಗುಪ್ತಪದ ಹಾಕಿರುತ್ತವೆ. ಅದನ್ನು ತೆಗೆಯದೆ ಮಾರಿದ್ದರೆ ಮುಂದೆ ದುರಸ್ತಿಗೆ ಕೊಟ್ಟಾಗ ತೊಡಕಾಗುತ್ತದೆ. ನಿಮ್ಮೆದುರಿಗೇ ಬಯೋಸ್ ತೆರೆದು ತೋರಿಸಲು ಹೇಳಬೇಕು. ತಳದಲ್ಲಿರುವ ಕ್ರಮಸಂಖ್ಯೆಯನ್ನು ನಮೂದಿಸಿದ ಬಿಲ್ಲು ಕೊಡಲೊಪ್ಪದ ಅಂಗಡಿಯಿಂದ ಕೊಳ್ಳಬಾರದು. ರಸೀದಿ ಇಲ್ಲದ ಎತ್ತು ಯಾರದೆಂದು ಯಾರಿಗೆ ಗೊತ್ತು?

ವರ್ಷಕ್ಕೆ ಎಷ್ಟು ಬಿತ್ತು?

ಬೆಲೆಗಳು ಊರಿನಿಂದ ಊರಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತವೆ. ಲೆಕ್ಕದ ರೀತಿ ತಿಳಿಯಲೆಂದು ಹಳೆಯದಕ್ಕೆ 20,000 ರೂ., ಅದಕ್ಕೆ ಹೊಸ ಬ್ಯಾಟರಿಗೆ 3,500 ರೂ., ಒಟ್ಟು 23,500 ರೂ. ಎಂದಿಟ್ಟುಕೊಳ್ಳೋಣ. ಒಳ್ಳೆಯ ಹೊಸದಕ್ಕೆ 42,000 ರೂ.; ಆರು ವರ್ಷ ಬಾಳಿಕೆ, ನಡುವೆ ಒಮ್ಮೆ ಬ್ಯಾಟರಿ ಸೇರಿ 45,500 ರೂ. ಆಗ ಹೊಸದರ ವರ್ಷದ ಖರ್ಚು ಸುಮಾರು 7,583 ರೂ. ಹಳೆಯದು ಮೂರು ವರ್ಷ ಬಾಳಿದರೆ 7,833 ರೂ., ನಾಲ್ಕು ವರ್ಷ ಬಾಳಿದರೆ 5,875 ರೂ., ಎರಡೇ ವರ್ಷಕ್ಕೆ ಕೈಕೊಟ್ಟರೆ 11,750 ರೂ. ಅಂದರೆ ಹಳೆಯದು ಮೂರು ವರ್ಷ ದಾಟಿದರೆ ಲಾಭ, ಅದಕ್ಕೂ ಮೊದಲೇ ನಿಂತರೆ ನಷ್ಟ.

ಆದರೆ ಇದು ಕೈಯಲ್ಲಿ ಹಣ ಇರುವವರ ಲೆಕ್ಕ. ಹೆಚ್ಚುವರಿ 18,500 ರೂಪಾಯಿಗಳನ್ನು ಊರಿನಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದು ಒಂದು ವರ್ಷದ ನಂತರ ತೀರಿಸುವವರಿಗೆ ಬಡ್ಡಿಯೇ 4,440 ರೂ. ಆಗುತ್ತದೆ. ಹೊಸದರ ವರ್ಷದ ಖರ್ಚು ಆಗ 8,323 ರೂಪಾಯಿಗೆ ಏರಿ, ಮೂರು ವರ್ಷ ಬಾಳುವ ಹಳೆಯದೇ ಅಗ್ಗವಾಗುತ್ತದೆ. ಬಡ್ಡಿಯ ಸಾಲ ಮಾಡಿ ಹೊಸದು ತರುವ ಬದಲು ಈಗ ಹಳೆಯದನ್ನು ತಂದು, ಸುಗ್ಗಿ ಕೈಸೇರಿದ ಮೇಲೆ ಅಗತ್ಯವಿದ್ದರೆ ರ‍್ಯಾಮ್ ಹೆಚ್ಚಿಸಿಕೊಳ್ಳುವುದು ಸಣ್ಣ ಹಿಡುವಳಿದಾರರಿಗೆ ಮೇಲು. ಪದವಿ ನಾಲ್ಕು ವರ್ಷದ್ದಾದರೆ 8ನೆಯ ಪೀಳಿಗೆಗಿಂತ 10 ಅಥವಾ 11ನೆಯದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಸರಿಯೆ. ಮಧ್ಯದಲ್ಲಿ ಮತ್ತೊಂದು ಕೊಳ್ಳುವ ಪ್ರಮೇಯ ಕಡಿಮೆಯಾಗುತ್ತದೆ.

ಹೊಸದೇ ತಕ್ಕದ್ದೆನ್ನುವ ಸಂದರ್ಭಗಳೂ ಇವೆ. ಎಂಜಿನಿಯರಿಂಗ್ ನಕ್ಷೆ, ವಾಸ್ತುಶಿಲ್ಪ, ವಿಡಿಯೋ ಸಂಕಲನ ಕಲಿಯುವವರಿಗೆ 16 ಜಿಬಿ ರ‍್ಯಾಮ್, ಅನೇಕ ವೇಳೆ ಪ್ರತ್ಯೇಕ ಗ್ರಾಫಿಕ್ಸ್ ಭಾಗವೂ ಬೇಕಾಗುತ್ತದೆ. ಆ ಭಾಗ ಇರುವ ಹಳೆಯ ಯಂತ್ರ ಬಿಸಿಯಲ್ಲಿ ಬೆಂದು ಬಂದದ್ದಾಗಿರಬಹುದಾದ್ದರಿಂದ ಅದರಲ್ಲಿ ಅಪಾಯ ಹೆಚ್ಚು. ಕಾಲೇಜಿನವರು ಏನು ಬೇಕೆಂದು ಪಟ್ಟಿ ಕೊಡುತ್ತಾರೆಯೇ ಎಂದು ಮೊದಲ ವಾರ ಕೇಳಿ ತಿಳಿಯುವವರೆಗೆ ಕೊಳ್ಳುವುದನ್ನು ತಡೆಹಿಡಿಯಬೇಕು. ಹತ್ತಿರದಲ್ಲಿ ಹಳೆಯದನ್ನು ಬಿಚ್ಚಿ ಕಟ್ಟಬಲ್ಲ ದುರಸ್ತಿಗಾರ ಇಲ್ಲದ ಕಡೆ ಹೊಸದರ ಒಂದು ವರ್ಷದ ವಾರಂಟಿಗೆ ಬೆಲೆ ಇದೆ.

ಯಾವುದನ್ನೇ ತಂದರೂ ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಮುದ್ರಿಸಿದೆಯೇ ನೋಡಿ. ಹಾಗಿದ್ದರೆ ನಮ್ಮ ಹಳ್ಳಿಯ ಕಡಿಮೆ ವೋಲ್ಟೇಜನ್ನು ಅದು ತಾಳಿಕೊಳ್ಳುತ್ತದೆ, ಏರುವ ವೋಲ್ಟೇಜನ್ನಲ್ಲ. ಪಂಪ್‌ಸೆಟ್ಟಿನ ಸಾಲಿನಲ್ಲಿ ಕರೆಂಟು ಬಂದು ಹೋಗುವ ಹೊತ್ತಿನಲ್ಲಿ, ಗುಡುಗು ಮಿಂಚಿನ ಸಂಜೆಗಳಲ್ಲಿ ಚಾರ್ಜರ್ ತೆಗೆದಿಡತಕ್ಕದ್ದು. ಒಕ್ಕಣೆಯ ದಿನಗಳಲ್ಲಿ ಹೊಟ್ಟು ಧೂಳು ಒಳಗಿನ ಬೀಸಣಿಗೆಯಲ್ಲಿ ಕಟ್ಟಿಕೊಂಡು ಯಂತ್ರ ಕಾಯುತ್ತದೆ. ಹಾಸಿಗೆಯ ಮೇಲೆ ಇಟ್ಟು ನಡೆಸದೆ ಮರದ ಹಲಗೆಯ ಮೇಲಿಡಬೇಕು, ವರ್ಷಕ್ಕೊಮ್ಮೆ ಬಿಚ್ಚಿಸಿ ಧೂಳು ತೆಗೆಸಬೇಕು.