ಓದೋಕೆ ಸಂಬಳ!

ಮೊನ್ನೆ ಅಪ್ಪನಿಗೆ ಫೋನ್ ಮಾಡಿ, ‘ಕೆಲಸ ಬಿಟ್ಟು ಪಿಎಚ್‌ಡಿಗೆ ಅರ್ಜಿ ಹಾಕ್ತಿದೀನಿ, ರೇಡಿಯೋ ಚಿಪ್ ವಿನ್ಯಾಸದಲ್ಲಿ’ ಅಂದೆ. ‘ಮತ್ತೆ ಫೀಸು ಕಟ್ಟೋರು ಯಾರಪ್ಪಾ?’ ಅಂದ್ರು.

ನೋಡಿ, ಈ ನೆದರ್‌ಲ್ಯಾಂಡ್ಸ್‌ನಲ್ಲಿ ಅದು ಬರೀ ಓದಲ್ಲ, ನೌಕರಿ. ಸಾಮಾನ್ಯವಾಗಿ ನಾಲ್ಕು ವರ್ಷ. ಸಂಬಳ, ರಜೆ, ಮೇಲೆ ಶೇ. 8 ರಜಾಭತ್ಯೆ. ಆದ್ರೆ ಮೊದಲ ವರ್ಷದ ಹೊತ್ತಿಗೊಂದು ಪರೀಕ್ಷೆ ಉಂಟು: ಕೆಲಸ ಸಾಲದಿದ್ರೆ ಮನೆಗೆ! ನನ್ನ ಭಯ ಅದೇ. ಕೋಡ್ ತಪ್ಪಾದ್ರೆ ಸಂಜೆಯೊಳಗೆ ತಿದ್ದಬಹುದು. ಚಿಪ್ ತಪ್ಪಾದ್ರೆ ಹೊಸದು ಬರೋಕೆ ತಿಂಗಳುಗಳೇ ಬೇಕು.

ಅಪ್ಪನಿಗೆ ಯಾಪ್ ಹಾರ್ಟ್‌ಸೆನ್ ಕಥೆ ಹೇಳಿದೆ. 1990ರಲ್ಲಿ ಡೆಲ್ಫ್ಟ್‌ನಲ್ಲಿ ಪಿಎಚ್‌ಡಿ ಮುಗಿಸಿ, 1994ರಲ್ಲಿ ಎರಿಕ್ಸನ್‌ನಲ್ಲಿ ಬ್ಲೂಟೂತ್‌ಗೆ ಬುನಾದಿ ಹಾಕಿದವರು. ‘ನಿಮ್ಮ ಕಿವೀಲಿರೋದು ಅದೇ’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಂಬಳ ಈಗಿಂದಕ್ಕಿಂತ ಎಷ್ಟು ಕಮ್ಮಿ?’ ಅಂದ್ರು. ಹೇಳಿದೆ.

‘ಸರಿ... ಹಾಕು’ ಅಂದ್ರು.