ಒಂದು ತಿಂಗಳು ಕಾಯಿಸಿದ ಬಂದರು

ಕ್ರೊಯೇಷ್ಯಾದ ದುಬ್ರೋವ್ನಿಕ್‌ಗೆ ಬರುವ ಕ್ರೂಸ್ ಹಡಗುಗಳು ಬೆಳಿಗ್ಗೆ ಗ್ರೂಜ್ ಬಂದರಿಗೆ ತಲುಪಿದರೆ ಸಾಮಾನ್ಯವಾಗಿ ಸಂಜೆಗೆ ಹೊರಟುಬಿಡುತ್ತವೆ. ಅಷ್ಟರೊಳಗೆ ಊರು ನೋಡಬೇಕು. ಬಸ್ಸಿನಲ್ಲಿ ಪಿಲೆ ಬಾಗಿಲಿಗೆ ಬಂದವರು 1,940 ಮೀಟರ್ ಉದ್ದದ ಕೋಟೆಗೋಡೆ ಸುತ್ತುತ್ತಾರೆ, ಸ್ಟ್ರಾದುನ್ ಬೀದಿಯ ನುಣುಪು ಹಾಸುಗಲ್ಲಿನ ಮೇಲೆ ಅಡ್ಡಾಡುತ್ತಾರೆ, ‘ಗೇಮ್ ಆಫ್ ಥ್ರೋನ್ಸ್’ ಚಿತ್ರೀಕರಣವಾದ ಮೆಟ್ಟಿಲುಗಳಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಪೂರ್ವದ ಪ್ಲೊಚೆ ಬಾಗಿಲಿನಾಚೆಗೆ ಇನ್ನೂ ನಾಲ್ಕು ಹೆಜ್ಜೆ ಹಾಕಿದರೆ ಕಡಲಂಚಿನಲ್ಲಿ ಸಾಲಾಗಿ ನಿಂತ ಕಲ್ಲಿನ ಕಟ್ಟಡಗಳು ಸಿಗುತ್ತವೆ. ಅವೇ ಲಾಜರೆಟಿ, ಹೊರಗಿನಿಂದ ಬಂದವರನ್ನು ಕಾಯಿಸಿ ಇಡುತ್ತಿದ್ದ ಮನೆಗಳು. ಬೇರೇನನ್ನು ಬಿಟ್ಟರೂ ಇದನ್ನು ಬಿಡಬಾರದು. ಕೊರೊನಾ ಕಾಲದಲ್ಲಿ ನಮ್ಮ ಮನೆಬಾಗಿಲಿಗೆ ಅಂಟಿಸಿದ ಕ್ವಾರಂಟೈನ್ ಚೀಟಿಯ ಬೇರು ಈ ಊರಿನಲ್ಲಿದೆ.

ಹದಿನಾಲ್ಕನೆಯ ಶತಮಾನದಲ್ಲಿ ಈ ಊರಿನ ಹೆಸರು ರಗೂಸಾ. ಬೆಟ್ಟ, ಕಡಲುಗಳ ನಡುವಿನ ಇಕ್ಕಟ್ಟಿನ ನೆಲ. ಧಾನ್ಯವೂ ಹೊರಗಿನಿಂದಲೇ ಬರಬೇಕು, ಹಣವೂ ವ್ಯಾಪಾರದಿಂದಲೇ ಹುಟ್ಟಬೇಕು. 1348ರ ಮಹಾ ಪ್ಲೇಗು ಊರನ್ನು ಬಡಿದು ಹೋದಮೇಲೂ ಪಿಡುಗು ಮತ್ತೆ ಮತ್ತೆ ತಲೆಯೆತ್ತುತ್ತಿತ್ತು. ಬಾಗಿಲು ಮುಚ್ಚಿದರೆ ಹಸಿವು, ತೆರೆದಿಟ್ಟರೆ ಸಾವು. 1377ರ ಜುಲೈ 27ರಂದು ಅಲ್ಲಿನ ಮಹಾಸಭೆ ಒಂದು ಕಟ್ಟಳೆ ಮಾಡಿತು: ಪ್ಲೇಗು ಇರುವ ಸೀಮೆಯಿಂದ ಬಂದವರು ಮರ್ಕಾನ್ ಎಂಬ ನಡುಗಡ್ಡೆಯಲ್ಲೋ ಪಕ್ಕದ ತ್ಸವ್ತಾತ್ ಊರಿನಲ್ಲೋ ಒಂದು ತಿಂಗಳು ಕಳೆದ ಮೇಲೆಯೇ ಒಳಗೆ ಬರಬೇಕು. ಕಾಯುತ್ತಿರುವವರನ್ನು ನೋಡಲು ಹೋದ ಊರಿನವರಿಗೂ ಅದೇ ತಿಂಗಳು.

ರೋಗಿಗಳನ್ನು ದೂರವಿಡುವುದು ಅದಕ್ಕೂ ಮೊದಲೇ ಇತ್ತು. ರಗೂಸಾ ಗಟ್ಟಿಮುಟ್ಟಾಗಿ ಕಾಣುವವನನ್ನೂ ಕಾಯಿಸಿತು. ರೋಗಾಣುವಿನ ಕಲ್ಪನೆಯೇ ಇಲ್ಲದ ಕಾಲದಲ್ಲಿ, ಒಳಗೆ ಅಡಗಿದ್ದು ಹೊರಬೀಳಲು ಸಮಯ ಬೇಕೆಂದು ಒಂದು ವ್ಯಾಪಾರಿ ಊರು ಊಹಿಸಿದ್ದು ನನಗಂತೂ ದೊಡ್ಡ ಬುದ್ಧಿವಂತಿಕೆಯಾಗಿ ಕಾಣುತ್ತದೆ. ಅದಕ್ಕೆ ತೆತ್ತವರ ಪಾಡನ್ನೂ ಮರೆಯಲಾಗದು. ಮೊದಮೊದಲು ಆ ಬೋಳು ನಡುಗಡ್ಡೆಯಲ್ಲಿ ಮಳೆ ಗಾಳಿಗೆ ಸರಿಯಾದ ಆಸರೆಯೂ ಇರಲಿಲ್ಲ.

ಮುಂದೆ ಕಾಯುವ ಅವಧಿ ನಲವತ್ತು ದಿನಕ್ಕೆ ಏರಿತು. ಈಗ ಕಾಣುವ ಲಾಜರೆಟಿಯ ಕೆಲಸ ಹದಿನಾರನೆಯ ಶತಮಾನದ ಕೊನೆಯಲ್ಲಿ ಶುರುವಾಗಿ 1642ರ ಹೊತ್ತಿಗೆ ಮುಗಿಯಿತು. ಆಟೊಮನ್ ಸೀಮೆಯಿಂದ ಕುದುರೆಗಳ ಮೇಲೆ ಸರಕು ಹೇರಿಕೊಂಡು ಬಂದ ವರ್ತಕರು ಇಲ್ಲಿ ತಂಗುತ್ತಿದ್ದರು. ಅವರು ತಂದ ಉಣ್ಣೆ, ಬಟ್ಟೆಗಳನ್ನೂ ಬಿಚ್ಚಿ ಗಾಳಿಗೆ ಹರವುತ್ತಿದ್ದರು. 1667ರ ಭೂಕಂಪ, 1808ರಲ್ಲಿ ನೆಪೋಲಿಯನ್ ಕಾಲದ ಫ್ರೆಂಚರಿಂದ ರಗೂಸಾ ಗಣರಾಜ್ಯದ ಅಂತ್ಯ, 1991ರ ಶೆಲ್ ದಾಳಿ ಎಲ್ಲವನ್ನೂ ಊರು ಕಂಡಿತು. ಲಾಜರೆಟಿ ಉಳಿದಿದೆ; ಅಲ್ಲೀಗ ಸಂಗೀತ, ಜನಪದ ಕುಣಿತ ನಡೆಯುತ್ತವೆ.

ಇತ್ತೀಚಿನ ಕಷ್ಟ ಬೇರೆ. ಕೋಟೆಯೊಳಗಿನ ಮನೆಗಳು ಪ್ರವಾಸಿಗರ ತಂಗುದಾಣಗಳಾಗಿ, ಅಲ್ಲೇ ಬಾಳುವವರು ಎರಡು ಸಾವಿರಕ್ಕೂ ಕಡಿಮೆಯಾಗಿದ್ದಾರೆ. ನಗರಾಡಳಿತ ಕ್ರೂಸ್ ಕಂಪನಿಗಳ ಜತೆ ಕೂತು, 2019ರಿಂದ ಏಕಕಾಲಕ್ಕೆ ಎರಡೇ ಹಡಗು, ನಾಲ್ಕು ಸಾವಿರ ಪ್ರಯಾಣಿಕರು ಎಂಬ ಮಿತಿ ತಂದಿತು. ತಮ್ಮ ಸರದಿಗಾಗಿ ದಿನ ಬದಲಿಸಿಕೊಳ್ಳಬೇಕಾಗಿ ಬಂದರೆ ಪ್ರವಾಸಿಗರು ಬೇಸರಿಸದೆ ಒಪ್ಪಬೇಕು.